ಪಾಲವಣಕರ ಬಾಳೂ: ಆಟಗಾರರೂ ಅಭ್ಯರ್ಥಿಯೂ

2024ನೆಯ ಇಸವಿಯ ಲೋಕಸಭಾ ಚುನಾವಣೆಯಲ್ಲಿ ಪಶ್ಚಿಮ ಬಂಗಾಳದ ಬಹರಂಪುರದಿಂದ ಯೂಸುಫ್ ಪಠಾಣರೂ ಬರ್ಧಮಾನ-ದುರ್ಗಾಪುರದಿಂದ ಕೀರ್ತಿ ಆಜಾದರೂ ಜಯಶೀಲರಾದ ಸಂಗತಿಯು ವಾಚಕರ ಸ್ಮರಣೆಯಲ್ಲಿರಬಹುದು. ಇವರಿಬ್ಬರೂ ದೇಶದ ಪರವಾಗಿ ಕ್ರಿಕೆಟ್ಟು ಆಡಿದವರು. ಇವರಿಗಿಂತ ಮುಂಚೆ 2004ರಲ್ಲಿ ಸಿಧು ಅವರು ಅಮೃತಸರದಿಂದಲೂ, 2009ರಲ್ಲಿ ಅಜರುದ್ದೀನರು ಮುರಾದಾಬಾದಿನಿಂದಲೂ, 2019ರಲ್ಲಿ ಗಂಭೀರರು ಪೂರ್ವ ದಿಲ್ಲಿಯಿಂದಲೂ ಆರಿಸಿ ಬಂದಿದ್ದರು. ನೆರೆಯ ಪಾಕಿಸ್ತಾನದಲ್ಲಂತೂ ಇಮ್ರಾನ್ ಖಾನರು 2018ರಿಂದ 2022ರವರೆಗೆ ಪ್ರಧಾನಮಂತ್ರಿಯ ಪೀಠದಲ್ಲಿಯೇ ಕುಳಿತಿದ್ದರು. ಹಾಗೆಂದು ದಾಂಡು ಹಿಡಿದ ಕೈಗೆಲ್ಲ ಮತಗಳು ತಾವಾಗಿಯೇ ಬಂದು ಬೀಳುವುವೆಂದು ಯಾರೂ ಭ್ರಮಿಸಬಾರದು. ಪಟೌಡಿಯ ನವಾಬರಂಥವರು 1971ರಲ್ಲಿ ಗುರ್ಗಾಂವಿನಲ್ಲಿಯೂ 1991ರಲ್ಲಿ ಭೋಪಾಲದಲ್ಲಿಯೂ ಸೋತು ಮನೆಗೆ ಹಿಂದಿರುಗಿದರು.

ಆಟಗಾರನಿಗೆ ರಾಜ್ಯಕಾರಣದಲ್ಲಿ ಏನು ಕೆಲಸ ಎಂಬ ಪ್ರಶ್ನೆಯು ನಮ್ಮೂರಿನ ಕಾಫಿ ಹೋಟೆಲುಗಳಲ್ಲಿ ಆಗಾಗ ಏಳುತ್ತಲೇ ಇರುತ್ತದೆ. ಪ್ರಶ್ನೆಯು ತಪ್ಪಾದುದು. ವಕೀಲನಿಗೆ ಏನು ಕೆಲಸ, ಮಂಡಿಯ ವರ್ತಕನಿಗೆ ಏನು ಕೆಲಸ, ಪತ್ರಿಕೆಯವನಿಗೆ ತಾನೇ ಏನು ಕೆಲಸ ಎಂದು ಅದೇ ಉಸಿರಿನಲ್ಲಿ ಕೇಳಬೇಕಾದೀತು. ಕೇಳತಕ್ಕ ಪ್ರಶ್ನೆಯೇ ಬೇರೆ. ಅವನನ್ನು ಕಣಕ್ಕೆ ಇಳಿಸಿದವರು ಯಾರು, ಯಾರ ವಿರುದ್ಧ ಇಳಿಸಿದರು, ಯಾರ ಮತಗಳನ್ನು ಬಯಸಿ ಇಳಿಸಿದರು? ಈ ಪ್ರಶ್ನೆಗೆ ನಮ್ಮ ದೇಶದ ಚರಿತ್ರೆಯಲ್ಲಿ ದೊರಕುವ ಅತ್ಯಂತ ಹಳೆಯ, ಅತ್ಯಂತ ಕಹಿಯಾದ ಉತ್ತರವು ಪಾಲವಣಕರ ಬಾಳೂ ಎಂಬ ಮಹನೀಯರ ಜೀವಿತದಲ್ಲಿದೆ. ಆ ಜೀವಿತವು ಆರಂಭವಾದುದು ದೂರದ ಮುಂಬಯಿಯಲ್ಲಲ್ಲ. ಹರಿಹರದಲ್ಲಿ ತುಂಗಭದ್ರೆಯ ಸೇತುವೆಯನ್ನು ದಾಟಿ ಉತ್ತರಾಭಿಮುಖವಾಗಿ ಹೊರಡುವ ರೈಲಿನಲ್ಲಿ ಕುಳಿತರೆ ಮೂರು ನಾಲ್ಕು ಗಂಟೆಗಳೊಳಗೆ ಸಿಕ್ಕುವ ಧಾರವಾಡದಲ್ಲಿ.

ಇತ್ತೀಚೆಗೆ ಒಂದು ಸಂಜೆ ನಾವು ದಾವಣಗೆರೆಯ ಹೈಸ್ಕೂಲ್ ಮೈದಾನದಲ್ಲಿ ನಿಂತು, ಟೆನಿಸ್ ಚೆಂಡಿನಿಂದ ಆಡುತ್ತಿದ್ದ ಹುಡುಗರನ್ನು ಈ ಹೆಸರು ಕೇಳಿರುವಿರಾ ಎಂದು ವಿಚಾರಿಸಿದೆವು. ಒಬ್ಬನೂ ಕೇಳಿರಲಿಲ್ಲ. ವಿನಯ್ ಕುಮಾರರ ಹೆಸರನ್ನು ಹೇಳಿದೊಡನೆ ಎಲ್ಲರ ಮುಖವೂ ಅರಳಿತು. ಅರಳತಕ್ಕದ್ದೇ, ಈ ಊರಿನಲ್ಲಿ ಹುಟ್ಟಿ, 2013-14 ಮತ್ತು 2014-15ರಲ್ಲಿ ಬೆನ್ನುಬೆನ್ನಿಗೆ ಕರ್ನಾಟಕಕ್ಕೆ ರಣಜಿ ಪಾರಿತೋಷಕವನ್ನು ತಂದುಕೊಟ್ಟ ನಾಯಕರು ಅವರು. ಹುಡುಗರಲ್ಲಿ ತಪ್ಪಿಲ್ಲ. ಹೇಳಬೇಕಾದವರು ಹೇಳಲಿಲ್ಲ, ಆ ಹೇಳದವರಲ್ಲಿ ಈ ಪತ್ರಿಕೆಯೂ ಒಂದು.

ಬಾಳೂರವರು 1870ರ ದಶಕದ ಮಧ್ಯಭಾಗದಲ್ಲಿ ಧಾರವಾಡದಲ್ಲಿ ಜನಿಸಿದರು. ಮನೆತನದ ಹೆಸರು ಕೊಂಕಣದ ಪಾಲವಣ ಎಂಬ ಊರಿನಿಂದ ಬಂದುದು. ಕುಲ ಚರ್ಮಕಾರರದು, ಅಂದರೆ ಅಂದಿನ ಸಮಾಜವು ಮುಟ್ಟಲೊಲ್ಲದ ಕುಲ. ತಂದೆಗೆ ಸೈನ್ಯದಲ್ಲಿ ಉದ್ಯೋಗವಿದ್ದುದರಿಂದ ಕುಟುಂಬವು ಪುಣೆಯನ್ನು ಸೇರಿತು. ಅಲ್ಲಿ ಬಾಳೂ ಮತ್ತು ಅವರ ತಮ್ಮ ಶಿವರಾಮರು ಸೈನ್ಯಾಧಿಕಾರಿಗಳು ಬಿಟ್ಟುಹೋದ ಹಳೆಯ ಸಾಮಗ್ರಿಗಳಿಂದ ಆಟವನ್ನು ಕಲಿತರು. ಮೊದಲಿಗೆ ಪಾರಸಿಯರ ಒಂದು ಕ್ಲಬ್ಬಿನಲ್ಲಿ ಮೈದಾನವನ್ನು ಗುಡಿಸಿ ಉರುಳೆಯನ್ನೆಳೆಯುವ ಚಾಕರಿ, ತಿಂಗಳಿಗೆ 3 ರೂಪಾಯಿ. 1892ರಲ್ಲಿ ಯೂರೋಪಿಯನ್ನರ ಪೂನಾ ಕ್ಲಬ್ಬಿಗೆ ಹೋದಾಗ ಸಂಬಳವು 4 ರೂಪಾಯಿಗೆ ಏರಿತು. ಬಲೆಯನ್ನು ಕಟ್ಟುವುದು, ನೆಲಕ್ಕೆ ಸುಣ್ಣದ ಗೆರೆ ಹಾಕುವುದು, ದೊರೆಗಳಿಗೆ ಅಭ್ಯಾಸಕ್ಕಾಗಿ ಚೆಂಡನ್ನು ಎಸೆಯುವುದು, ಇವೇ ಕೆಲಸ. ಗ್ರೇಗ್ ಎಂಬ ಕ್ಯಾಪ್ಟನ್ನನು ಇತರರು ಬರುವುದಕ್ಕೆ ಮುಂಚೆಯೇ ಬಂದು ಈ ಹುಡುಗನ ಎಡಗೈ ಚೆಂಡುಗಳನ್ನು ಎದುರಿಸುತ್ತಿದ್ದನಂತೆ. ತನ್ನನ್ನು ಔಟು ಮಾಡಿದ ಪ್ರತಿಯೊಂದು ಸಲಕ್ಕೆ ಎಂಟಾಣೆ ಕೊಡುತ್ತಿದ್ದನೆಂಬ ಕಥೆಯೂ ಉಂಟು. ಗಂಟೆಗಟ್ಟಲೆ ಚೆಂಡನ್ನೆಸೆದ ಆ ಹುಡುಗನ ಕೈಗೆ ದಾಂಡನ್ನು ಮಾತ್ರ ಯಾವ ದೊರೆಯೂ ಕೊಡಲಿಲ್ಲ. ದಾಂಡು ಹಿಡಿಯುವುದು ಸಾಹೇಬನ ಕೆಲಸ, ಬೆವರು ಸುರಿಸುವುದು ಚಾಕರನ ಕೆಲಸ ಎಂಬ ವಿಂಗಡಣೆಯನ್ನು ಆಂಗ್ಲೇಯರಿಗೆ ನಮ್ಮವರು ಹೇಳಿಕೊಡಬೇಕಾಗಿರಲಿಲ್ಲ.

ನಮ್ಮವರ ಸರದಿಯು ಅನಂತರ ಬಂದಿತು. ಪುಣೆಯ ಹಿಂದೂ ತಂಡದವರು ಯೂರೋಪಿಯನ್ನರನ್ನು ಸೋಲಿಸಬೇಕೆಂದು ಹಂಬಲಿಸುತ್ತಿದ್ದರು. ಸೋಲಿಸಬಲ್ಲ ಚೆಂಡು ಬಾಳೂರವರ ಕೈಯಲ್ಲಿತ್ತು. ಸೇರಿಸಿಕೊಳ್ಳಬೇಕೆ ಬೇಡವೆ ಎಂದು ದೊಡ್ಡ ಚರ್ಚೆ ನಡೆಯಿತು. ಕೊನೆಗೆ ಗೆಲ್ಲುವ ಆಸೆಯು ಮೈಲಿಗೆಯ ಭಯವನ್ನು ಅರ್ಧಮಟ್ಟಿಗೆ ಗೆದ್ದಿತು. ಅರ್ಧಮಟ್ಟಿಗೆ ಎನ್ನುವುದಕ್ಕೆ ಕಾರಣವುಂಟು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನೇ ಉಳಿದ ಹತ್ತು ಮಂದಿಯೂ ಮುಟ್ಟುತ್ತಿದ್ದರು. ಚಹಾದ ವೇಳೆಯಾದೊಡನೆ ಹತ್ತು ಮಂದಿಯೂ ಒಳಗೆ ಹೋಗಿ ಪಿಂಗಾಣಿಯ ಬಟ್ಟಲುಗಳಲ್ಲಿ ಕುಡಿಯುವರು. ಬಾಳೂರವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಚಹಾ. ಊಟಕ್ಕೆ ಬೇರೆ ತಟ್ಟೆ, ಬೇರೆ ಸ್ಥಳ. ಮುಖ ತೊಳೆಯುವುದಕ್ಕೆ ನೀರು ಬೇಕಾದರೆ ಅವರ ಕುಲದವನೇ ಒಬ್ಬನು ಮೈದಾನದ ಮೂಲೆಯಲ್ಲಿ ತಂದು ಸುರಿಯಬೇಕು. ಇದನ್ನು ಓದುವ ಕೆಲವರು "ಅದು ಹಿಂದಿನ ಶತಮಾನದ ಮಾತು" ಎಂದು ನಿಟ್ಟುಸಿರು ಬಿಟ್ಟು ಪುಟವನ್ನು ತಿರುವಿಯಾರು. ನಾವು ಪಾಠಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ, ಎಂದರೆ ಸ್ವಾತಂತ್ರ್ಯವು ಬಂದು ಮೂವತ್ತು ವರ್ಷಗಳ ಮೇಲೆ, ನದಿಯ ದಂಡೆಯ ಒಂದು ಗ್ರಾಮದ ಚಹಾದಂಗಡಿಯ ಹೊರಗೋಡೆಯ ಗೂಡಿನಲ್ಲಿ ಬೇರೆಯಾಗಿ ಇಟ್ಟಿದ್ದ ನಾಲ್ಕು ಗಾಜಿನ ಲೋಟಗಳನ್ನು ನಮ್ಮ ಕಣ್ಣಾರೆ ಕಂಡಿದ್ದೇವೆ. ಅವು ಯಾರಿಗೆಂದು ನಾವು ಕೇಳಲಿಲ್ಲ. ಕೇಳದೆಯೇ ತಿಳಿದಿತ್ತು.

ಪ್ಲೇಗಿನ ಹಾವಳಿಯ ಕಾಲದಲ್ಲಿ ಬಾಳೂರವರು ಮುಂಬಯಿಗೆ ಹೋದರು. ಅಲ್ಲಿ ರೈಲ್ವೆಯ ಕೆಲಸವೂ ಹಿಂದೂ ಜಿಮಖಾನೆಯ ತಂಡದಲ್ಲಿ ಸ್ಥಾನವೂ ದೊರಕಿದುವು. ಮುಂಬಯಿಯ ಗಾಳಿಯು ಪುಣೆಯದಕ್ಕಿಂತ ಸ್ವಲ್ಪ ಸಡಿಲವಾದುದು. ಅಲ್ಲಿ ಜೊತೆಯವರೊಡನೆ ಕುಳಿತು ಉಣ್ಣುವುದು ಸಾಧ್ಯವಾಯಿತು. 1906ನೆಯ ಫೆಬ್ರವರಿಯಲ್ಲಿ ಹಿಂದೂಗಳಿಗೂ ಯೂರೋಪಿಯನ್ನರಿಗೂ ನಡೆದ ಪಂದ್ಯದಲ್ಲಿ ಹಿಂದೂಗಳು 109 ಓಟಗಳಿಂದ ಜಯಿಸಿದರು. ವಂಗವಿಭಜನೆಯಾಗಿ ಕೆಲವು ತಿಂಗಳುಗಳಾಗಿದ್ದುವು, ಸ್ವದೇಶೀ ಚಳವಳಿಯು ಉರಿಯುತ್ತಿತ್ತು, ಜಪಾನವು ರಷ್ಯವನ್ನು ಮಣಿಸಿದ ಸುದ್ದಿಯು ಇನ್ನೂ ಹಳತಾಗಿರಲಿಲ್ಲ. ಅಂಥ ಸಮಯದಲ್ಲಿ ಆಳುವವರನ್ನು ಅವರದೇ ಆಟದಲ್ಲಿ ಕೆಡವಿದ ಚೆಂಡು ಅಸ್ಪೃಶ್ಯನೆನಿಸಿಕೊಂಡವನ ಕೈಯಿಂದ ಬಂದಿತೆಂಬುದನ್ನು ಮುಂಬಯಿಯ 'ಇಂಡಿಯನ್ ಸೋಶಿಯಲ್ ರಿಫಾರ್ಮರ್' ಪತ್ರಿಕೆಯು ಗುರುತಿಸಿ ಬರೆಯಿತು. ಈ ಸಹೋದರರನ್ನು ಸೇರಿಸಿಕೊಂಡುದರಿಂದ ಸಹಸ್ರಾರು ತರುಣರ ಮನಸ್ಸು ತೆರೆಯಿತೆಂಬುದು ಅದರ ಅಭಿಪ್ರಾಯವಾಗಿತ್ತು. ಅಭಿಪ್ರಾಯವು ಸತ್ಯವೇ. ಆದರೆ ಎಷ್ಟು ಮಟ್ಟಿನ ಸತ್ಯ ಎಂಬುದು ಮುಂದಿನ ವರ್ಷಗಳಲ್ಲಿ ತಿಳಿದುಬಂದಿತು.

1911ರಲ್ಲಿ ಪಟಿಯಾಲದ ಮಹಾರಾಜ ಭೂಪಿಂದರ ಸಿಂಗರ ನಾಯಕತ್ವದಲ್ಲಿ ಹಿಂದೂ, ಮುಸ್ಲಿಂ, ಪಾರಸಿ, ಸಿಖ್ಖರನ್ನೊಳಗೊಂಡ ಭಾರತದ ತಂಡವು ಪ್ರಥಮಬಾರಿಗೆ ಇಂಗ್ಲೆಂಡಿಗೆ ಹೋಯಿತು. ಮಹಾರಾಜರಿಗೆ ಅಲ್ಲಿ ಪಟ್ಟಾಭಿಷೇಕದ ಔತಣಕೂಟಗಳೇ ಹೆಚ್ಚಾಗಿ, ಮೈದಾನದಲ್ಲಿ ಅವರ ದರ್ಶನವು ಅಪರೂಪವಾಯಿತು. ತಂಡವು ಪ್ರಥಮ ದರ್ಜೆಯ 14 ಪಂದ್ಯಗಳಲ್ಲಿ 10ನ್ನು ಸೋತು, 2ನ್ನು ಮಾತ್ರ ಗೆದ್ದಿತು. ಈ ಸೋಲುಗಳ ನಡುವೆ ಬಾಳೂರವರೊಬ್ಬರು ನೋಯುತ್ತಿದ್ದ ಹೆಗಲಿನಿಂದಲೇ ಒಟ್ಟು 114 ವಿಕೆಟ್ಟುಗಳನ್ನು ಕಿತ್ತರು, ಸರಾಸರಿ 18.84. ಕೇಂಬ್ರಿಜ್ ವಿಶ್ವವಿದ್ಯಾಲಯದ ಮೇಲೆ ಒಂದೇ ಸರದಿಯಲ್ಲಿ 8 ವಿಕೆಟ್ಟು. ತಮ್ಮ ಪ್ರಥಮ ದರ್ಜೆಯ ಜೀವನದಲ್ಲಿ ಅವರು ಆಡಿದುದು 33 ಪಂದ್ಯ, ಪಡೆದುದು 179 ವಿಕೆಟ್ಟು, ಪ್ರತಿಯೊಂದಕ್ಕೂ ತೆತ್ತ ಓಟ ಸರಾಸರಿ 15ಕ್ಕೆ ತುಸು ಮೇಲೆ. ಆಟದ ಅಂಕಿಅಂಶಗಳಲ್ಲಿ ಆಸಕ್ತಿಯುಳ್ಳ ವಾಚಕರು ಇದರ ಬೆಲೆಯನ್ನು ನಮಗಿಂತ ಚೆನ್ನಾಗಿ ಬಲ್ಲರು.

ಇಂಗ್ಲೆಂಡಿನಿಂದ ಹಿಂದಿರುಗಿದ ಬಾಳೂರವರಿಗೆ ಮುಂಬಯಿಯಲ್ಲಿ ದಲಿತವರ್ಗದವರು ಸನ್ಮಾನಸಭೆಯನ್ನು ಏರ್ಪಡಿಸಿದರು. ಆ ಸಭೆಯ ಮಾನಪತ್ರವನ್ನು ಸಿದ್ಧಪಡಿಸಿದವರು ಎಲ್‌ಫಿನ್‌ಸ್ಟನ್ ಕಾಲೇಜಿನಲ್ಲಿ ಓದುತ್ತಿದ್ದ ಇಪ್ಪತ್ತು ವಯಸ್ಸಿನ ಒಬ್ಬ ವಿದ್ಯಾರ್ಥಿ. ಹೆಸರು ಭೀಮರಾವ್ ಅಂಬೇಡ್ಕರ್. ವಾಚಕರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ನಾಯಕತ್ವದ ಪ್ರಕರಣ. ಹಿಂದೂ ತಂಡದಲ್ಲಿ ಹಿರಿಯರೂ ಶ್ರೇಷ್ಠರೂ ಬಾಳೂರವರೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ನಾಯಕರಾಗಿದ್ದ ಎಂ. ಡಿ. ಪೈ ಅವರೇ 1913ರಲ್ಲಿ ಆ ಗೌರವವು ಬಾಳೂರವರಿಗೆ ಸಲ್ಲಬೇಕಾಗಿತ್ತೆಂದು ಬಹಿರಂಗವಾಗಿ ಹೇಳಿದರು. ಅದಾಗಿಯೂ ವರ್ಷವರ್ಷವೂ ಅದು ಬೇರೆಯವರಿಗೆ ಸಲ್ಲುತ್ತಲೇ ಹೋಯಿತು. ಚೆಂಡನ್ನೆಸೆಯುವುದಕ್ಕೆ ಯೋಗ್ಯನಾದವನು ಇತರರಿಗೆ ಎಲ್ಲಿ ನಿಲ್ಲಬೇಕೆಂದು ಆಜ್ಞೆ ಮಾಡುವುದಕ್ಕೆ ಯೋಗ್ಯನಲ್ಲವೆಂಬುದೇ ಆಯ್ಕೆಯ ಸಮಿತಿಯ ಮೌನದ ಅರ್ಥ. 1920ರಲ್ಲಿ ಪೈ ಅವರು ಅಸ್ವಸ್ಥರಾದಾಗ ನಾಯಕತ್ವವು ದೇವಧರರಿಗೆ ಹೋಯಿತು, ಬಾಳೂರವರನ್ನು ತಂಡದಿಂದಲೇ ಕೈಬಿಟ್ಟರು. ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲರು ಆಟವಾಡಲೊಲ್ಲೆವೆಂದು ಹೊರಗೆ ನಡೆದು ಪತ್ರಿಕೆಗಳಿಗೆ ಕಾರಣವನ್ನು ತಿಳಿಸಿದರು. ಅಸಹಕಾರ ಚಳವಳಿಯು ಆಗತಾನೆ ಆರಂಭವಾಗಿದ್ದ ವರ್ಷವದು. ಅಸಹಕಾರದ ಶಾಸ್ತ್ರವನ್ನು ಹಿಂದೂ ಜಿಮಖಾನೆಯ ಮೇಲೆಯೇ ಪ್ರಯೋಗಿಸಿದ ಸಹೋದರರ ಧೈರ್ಯವನ್ನು ನಾವು ಮೆಚ್ಚುತ್ತೇವೆ. ಜನಾಭಿಪ್ರಾಯಕ್ಕೆ ಮಣಿದು ಅಂತಿಮ ಪಂದ್ಯಕ್ಕೆ ಬಾಳೂರವರನ್ನು ಉಪನಾಯಕರನ್ನಾಗಿ ಕರೆದರು. ಪೈ ಅವರು ಮೈದಾನದಿಂದ ಹೊರಗೆ ಹೋದ ಸ್ವಲ್ಪ ಹೊತ್ತು ಅವರು ತಂಡವನ್ನು ನಡೆಸಿದರು. ಜೀವಮಾನದಲ್ಲಿ ಅಷ್ಟೇ. 1923ರಲ್ಲಿ ವಿಠ್ಠಲರು ನಾಯಕರಾದರು, ಆ ವರ್ಷದ ಚತುಷ್ಕೋಣ ಪಂದ್ಯಾವಳಿಯಲ್ಲಿ ಹಿಂದೂಗಳೇ ವಿಜಯಿಗಳಾದರು. ಅಣ್ಣನಿಗೆ ಮುಚ್ಚಿದ್ದ ಬಾಗಿಲು ತಮ್ಮನಿಗೆ ತೆರೆಯಿತು.

ಬಾಳೂರವರ ರಾಜಕೀಯವು ಹುಟ್ಟಿದುದು ಈ ಬಾಗಿಲಿನ ಬಳಿಯಲ್ಲೇ ಎಂಬುದು ನಮ್ಮ ತಿಳಿವಳಿಕೆ. ಅವರು ತಮ್ಮ ಜೀವನದಲ್ಲಿ ಕಂಡುದೇನು? ಮಣ್ಣಿನ ಕುಡಿಕೆಯಿಂದ ಸಹಪಂಕ್ತಿಯವರೆಗೆ, ಸಹಪಂಕ್ತಿಯಿಂದ ತಮ್ಮನ ನಾಯಕತ್ವದವರೆಗೆ, ಮೂವತ್ತು ವರ್ಷಗಳಲ್ಲಿ ಹಿಂದೂ ಸಮಾಜವು ಕುಂಟುತ್ತ ಕುಂಟುತ್ತ ಬದಲಾದುದನ್ನು. ಒಳಗಿದ್ದುಕೊಂಡೇ ಒತ್ತಾಯ ಮಾಡಿದರೆ ಇದು ಇನ್ನೂ ಬದಲಾದೀತೆಂಬ ನಂಬಿಕೆಯು ಅವರಲ್ಲಿ ಬೇರೂರಿದುದು ಸಹಜ. ಆದಕಾರಣವೇ 1932ರಲ್ಲಿ ದಲಿತರಿಗೆ ಪ್ರತ್ಯೇಕ ಮತದಾರ ಮಂಡಲ ಬೇಕೇ, ಸಂಯುಕ್ತ ಮಂಡಲ ಸಾಕೇ ಎಂಬ ಮಹಾವಿವಾದವು ಎದ್ದಾಗ, ಅವರು ಮದ್ರಾಸಿನ ಎಂ. ಸಿ. ರಾಜಾ ಅವರ ಜೊತೆಯಲ್ಲಿ ಸಂಯುಕ್ತ ಮಂಡಲದ ಪಕ್ಷದಲ್ಲಿ ನಿಂತರು. ಎದುರು ಪಕ್ಷದಲ್ಲಿದ್ದವರು, ಇಪ್ಪತ್ತೊಂದು ವರ್ಷಗಳ ಹಿಂದೆ ಮಾನಪತ್ರ ಬರೆದಿದ್ದ ಆ ವಿದ್ಯಾರ್ಥಿ.

ವಿವಾದದ ತಿರುಳನ್ನು ಎರಡು ಮಾತಿನಲ್ಲಿ ಹೇಳುವುದು ಅವಶ್ಯ, ಏಕೆಂದರೆ ಇಂದು ಅನೇಕರು ಅದನ್ನು ಮರೆತು ಅಭಿಪ್ರಾಯವನ್ನು ಮಾತ್ರ ಉಳಿಸಿಕೊಂಡಿದ್ದಾರೆ. ಬ್ರಿಟಿಷ್ ಪ್ರಧಾನಿ ಮ್ಯಾಕ್‌ಡೊನಾಲ್ಡರು 1932ನೆಯ ಆಗಸ್ಟಿನಲ್ಲಿ ಕೊಟ್ಟ ತೀರ್ಪಿನಂತೆ ಪ್ರಾಂತೀಯ ಶಾಸನಸಭೆಗಳಲ್ಲಿ ದಲಿತರಿಗೆ 71 ಸ್ಥಾನಗಳು ದೊರೆಯುತ್ತಿದ್ದುವು. ಆ ಸ್ಥಾನಗಳಿಗೆ ದಲಿತರೇ ಪ್ರತ್ಯೇಕವಾಗಿ ಮತವಿತ್ತು ಆರಿಸುತ್ತಿದ್ದರು, ಸಾಮಾನ್ಯ ಸ್ಥಾನಗಳಿಗೂ ಅವರಿಗೆ ಮತವಿರುತ್ತಿತ್ತು. ಇದರಿಂದ ಹಿಂದೂ ಸಮಾಜವು ಶಾಶ್ವತವಾಗಿ ಸೀಳಿಹೋಗುವುದೆಂದು ಗಾಂಧೀಜಿಯವರು ಯೆರವಾಡಾ ಸೆರೆಮನೆಯಲ್ಲಿ ಸೆಪ್ಟೆಂಬರ್ 20ರಂದು ಉಪವಾಸವನ್ನು ಆರಂಭಿಸಿದರು. ಬಾಳೂ ಮತ್ತು ರಾಜಾ ಮೊದಲಾದವರು ಅಂಬೇಡ್ಕರರನ್ನು ಒಪ್ಪಿಸಲು ಶ್ರಮಿಸಿದರು. 24ರಂದು ಪುಣೆಯ ಒಪ್ಪಂದವಾಯಿತು. ಸ್ಥಾನಗಳು 148ಕ್ಕೆ ಏರಿದುವು, ಪ್ರತ್ಯೇಕ ಮಂಡಲವು ಹೋಯಿತು. ಮೊದಲ ಸುತ್ತಿನಲ್ಲಿ ದಲಿತ ಮತದಾರರು ಮಾತ್ರ ನಾಲ್ವರನ್ನು ಆರಿಸುವುದು, ಆ ನಾಲ್ವರಲ್ಲಿ ಒಬ್ಬರನ್ನು ಎಲ್ಲ ಜಾತಿಯ ಮತದಾರರೂ ಕೂಡಿ ಆರಿಸುವುದು ಎಂಬ ಏರ್ಪಾಡಾಯಿತು. ಮಹಾತ್ಮರ ಪ್ರಾಣ ಉಳಿಯಿತು. ಅಂಬೇಡ್ಕರರ ಶಂಕೆ ಮಾತ್ರ ತೀರಲಿಲ್ಲ: ಬಹುಸಂಖ್ಯಾತರ ಮತದಿಂದ ಗೆದ್ದುಬರುವ ದಲಿತನು ದಲಿತರಿಗಾಗಿ ಬಾಯಿ ತೆರೆದಾನೆಯೇ, ತನ್ನನ್ನು ಗೆಲ್ಲಿಸಿದವರ ಮುಖ ನೋಡಿಯಾನೆಯೇ?

ಆಮೇಲೆ ಇಬ್ಬರ ದಾರಿಯೂ ಬೇಗಬೇಗನೆ ದೂರವಾಯಿತು. ಬಾಳೂರವರು 1933ರಲ್ಲಿ ಮುಂಬಯಿಯ ಮುನಿಸಿಪಾಲಿಟಿಗೆ ಹಿಂದೂ ಮಹಾಸಭೆಯ ಪರವಾಗಿ ನಿಂತು ಸೋತರು. 1935ನೆಯ ಅಕ್ಟೋಬರದಲ್ಲಿ ಅಂಬೇಡ್ಕರರು ಯೇವಲೆಯಲ್ಲಿ, ತಾವು ಹಿಂದುವಾಗಿ ಹುಟ್ಟಿದರೂ ಹಿಂದುವಾಗಿ ಸಾಯುವುದಿಲ್ಲವೆಂದು ಘೋಷಿಸಿದಾಗ ಬಾಳೂರವರು ಅದನ್ನು ವಿರೋಧಿಸಿದರು. 1936ರಲ್ಲಿ ಅಂಬೇಡ್ಕರರು ಸ್ವತಂತ್ರ ಮಜೂರ ಪಕ್ಷವನ್ನು ಸ್ಥಾಪಿಸಿದರು. 1937ರ ಪ್ರಾಂತೀಯ ಚುನಾವಣೆಯಲ್ಲಿ ಅವರು ಮುಂಬಯಿ ನಗರದ ಭಾಯಖಳಾ-ಪರಳ ಕ್ಷೇತ್ರದಲ್ಲಿ ನಿಂತಾಗ, ಅವರ ವಿರುದ್ಧ ಕಾಂಗ್ರೆಸ್ಸು ಹುಡುಕಿ ತಂದು ನಿಲ್ಲಿಸಿದುದು ಅರವತ್ತರ ಸಮೀಪದ ಬಾಳೂರವರನ್ನು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ಪರಳವೆಂದರೆ ಹತ್ತಿಯ ಗಿರಣಿಗಳ ಕೇರಿ. ದಾವಣಗೆರೆಯ ಹಳಬರಿಗೆ ಅದನ್ನು ವಿವರಿಸಬೇಕಾದ ಅಗತ್ಯವಿಲ್ಲ. ಗಿರಣಿಯ ಕೂಗಿಗೆ ಎದ್ದು, ಕೂಗಿಗೆ ಮಲಗಿದ ಊರು ನಮ್ಮದೂ ಹೌದು. ಅಂಥ ಕೇರಿಯ ಕಾರ್ಮಿಕರಲ್ಲಿ ಅಂಬೇಡ್ಕರರಿಗೆ ಸಮಾನವಾದ ವಿದ್ಯಾವಂತನನ್ನು ಕಾಂಗ್ರೆಸ್ಸು ತರಲಾರದು, ಸಮಾನನಾದ ಹೋರಾಟಗಾರನನ್ನೂ ತರಲಾರದು. ತರಬಹುದಾದುದು ಒಂದೇ, ಸಮಾನವಾದ ಕೀರ್ತಿ. ಅದೂ ದಲಿತನ ಕೀರ್ತಿಯಾಗಬೇಕು, ಅದನ್ನು ಮೇಲ್ಜಾತಿಯ ಮತದಾರರೂ ಕೊಂಡಾಡಿರಬೇಕು. ಇವೆಲ್ಲವೂ ಕೂಡಿದ್ದ ಒಂದೇ ಹೆಸರು ಬಾಳೂ. ಹದಿನೈದು ಪಂದ್ಯಾವಳಿಗಳಲ್ಲಿ ನಾಯಕನಾಗಲು ಯೋಗ್ಯನಲ್ಲವೆಂದು ಯಾರನ್ನು ಬದಿಗಿರಿಸಿತೋ, ಅದೇ ಸಮಾಜವು ಅಂಬೇಡ್ಕರರನ್ನು ತಡೆಯುವುದಕ್ಕೆ ಅವರನ್ನು ಯೋಗ್ಯನೆಂದು ಕಂಡಿತು. ನಾವು ರಾಷ್ಟ್ರೀಯ ಪಕ್ಷಪಾತವನ್ನುಳ್ಳ ಪತ್ರಿಕೆಯವರು. ಗಾಂಧೀಜಿಯವರ ಉಪವಾಸದ ಹಿಂದಿದ್ದ ಕಳಕಳಿಯನ್ನು ಇಂದಿಗೂ ಗೌರವಿಸುತ್ತೇವೆ. ಆದಾಗ್ಯೂ ಈ ಅಭ್ಯರ್ಥಿಯ ಆಯ್ಕೆಯಲ್ಲಿ ಕಳಕಳಿಗಿಂತ ಲೆಕ್ಕಾಚಾರವೇ ಹೆಚ್ಚಾಗಿತ್ತೆಂದು ಹೇಳದಿದ್ದರೆ ವಾಚಕರಿಗೆ ದ್ರೋಹ ಮಾಡಿದಂತಾಗುತ್ತದೆ.

ಫಲಿತಾಂಶ: ಅಂಬೇಡ್ಕರರಿಗೆ 13,245 ಮತಗಳು, ಬಾಳೂರವರಿಗೆ 11,225. ಅಂತರ 2,020.

ಅಂತರವು ಅಲ್ಪವೆಂಬುದನ್ನು ವಾಚಕರು ಗಮನಿಸಬೇಕು. ಸಾವಿರದ ಚಿಲ್ಲರೆ ಮತದಾರರು ಆ ದಿನ ಮನಸ್ಸು ಬದಲಿಸಿದ್ದರೆ ಏನಾಗುತ್ತಿತ್ತು? ಕಾಂಗ್ರೆಸ್ಸಿನ ಸಾಲಿನಲ್ಲಿ ಮತ್ತೊಬ್ಬ ಸಜ್ಜನ ಸದಸ್ಯರು ಕುಳಿತಿರುತ್ತಿದ್ದರು. ಪಕ್ಷದ ಆಜ್ಞೆಯಂತೆ ಕೈ ಎತ್ತುತ್ತಿದ್ದರು. 1937ನೆಯ ಸೆಪ್ಟೆಂಬರದಲ್ಲಿ ಕೊಂಕಣದ ಖೋತಿ ಪದ್ಧತಿಯನ್ನು ಕಿತ್ತೊಗೆಯುವ ಮಸೂದೆಯನ್ನು ಅಂಬೇಡ್ಕರರು ಮುಂಬಯಿಯ ಸಭೆಯಲ್ಲಿ ಮಂಡಿಸುವ ಅವಕಾಶವಿರುತ್ತಿರಲಿಲ್ಲ. ಮುಷ್ಕರದ ಹಕ್ಕಿಗೆ ಕಡಿವಾಣ ಹಾಕಿದ 1938ರ ಕೈಗಾರಿಕಾ ವಿವಾದಗಳ ಮಸೂದೆಯನ್ನು ಸಭೆಯೊಳಗೆ ಎದುರಿಸಿ, ನವೆಂಬರ್ 7ರಂದು ಹೊರಗೆ ಗಿರಣಿಗಳ ಕಾರ್ಮಿಕರೊಡನೆ ಮುಷ್ಕರಕ್ಕೆ ನಿಂತ ದನಿಯೂ ಆ ಸಭಾಗೃಹದಲ್ಲಿ ಕೇಳಿಬರುತ್ತಿರಲಿಲ್ಲ. ಬಾಳೂರವರ ಸೋಲಿನಿಂದ ಬಾಳೂರವರ ಜನರಿಗೆ ಲಾಭವೇ ಆಯಿತೆಂದು ಬರೆಯುವಾಗ ನಮ್ಮ ಲೇಖನಿಯು ಹಿಂಜರಿಯುತ್ತದೆ. ಬರೆಯದೆ ನಿರ್ವಾಹವಿಲ್ಲ.

ಹಾಗೆಂದು ಅವರನ್ನು ಸೂತ್ರದ ಬೊಂಬೆ ಎಂದು ಕರೆಯುವವರೊಡನೆಯೂ ನಾವು ಸೇರಲಾರೆವು. ಅವರ ನಂಬಿಕೆಯು ಬಾಡಿಗೆಗೆ ತಂದುದಲ್ಲ. ಅದಕ್ಕೆ ಅವರು ಮೂವತ್ತು ವರ್ಷಗಳ ಬೆವರಿನ ಬೆಲೆಯನ್ನು ಕೊಟ್ಟಿದ್ದರು. ಸಹಿಸುತ್ತ, ಚೆನ್ನಾಗಿ ಆಡುತ್ತ, ಒಳಗಿದ್ದೇ ಹಕ್ಕು ಕೇಳುತ್ತ ಹೋದರೆ ಸಮಾಜವು ನಾಚಿ ಬಾಗಿಲು ತೆರೆಯುತ್ತದೆಂಬುದನ್ನು ಅವರು ಪುಸ್ತಕದಲ್ಲಿ ಓದಿದುದಲ್ಲ, ಕಂಡುದು. ಅಂಬೇಡ್ಕರರು ಕಂಡುದು ಬೇರೆ. ಒಂದು ಪಿಂಗಾಣಿ ಬಟ್ಟಲಿನ ಚಹಾಕ್ಕೆ ಒಬ್ಬ ಮನುಷ್ಯನು ಎಷ್ಟು ವಿಕೆಟ್ಟುಗಳನ್ನು ಕೀಳಬೇಕು? ದೇಶದಲ್ಲಿ ಅತ್ಯುತ್ತಮನಾದ ಎಡಗೈ ಎಸೆತಗಾರನಿಗೇ ಹದಿನೈದು ಇಪ್ಪತ್ತು ವರ್ಷ ಬೇಕಾದರೆ, ಚೆಂಡೆಸೆಯಲು ಬಾರದ, ಹಾಡಲು ಬಾರದ, ಕೇವಲ ಹೊಲದಲ್ಲಿ ದುಡಿಯಲು ಬರುವ ಕೋಟ್ಯಂತರ ಜನರಿಗೆ ಎಷ್ಟು ಶತಮಾನ ಬೇಕು? ಹಕ್ಕು ಪ್ರತಿಭೆಗೆ ಕೊಡುವ ಬಹುಮಾನವಾಗಬಾರದು ಎಂಬುದೇ ಅವರ ವಾದದ ಜೀವಾಳ. ಒಬ್ಬರು ತಮ್ಮ ಅನುಭವದಿಂದ ನುಡಿದರು, ಮತ್ತೊಬ್ಬರು ಅನುಭವವಾಗಲು ಅವಕಾಶವೇ ಸಿಕ್ಕದವರ ಪರವಾಗಿ ನುಡಿದರು. ಇಬ್ಬರಲ್ಲಿ ಯಾರ ಮಾತು ಹೆಚ್ಚು ತೂಕದ್ದೆಂದು ಕೇಳಿದರೆ, ಇಂದಿನ ದಿವಸ ನಾವು ಎರಡನೆಯದೆಂದೇ ಹೇಳುತ್ತೇವೆ. ನಮ್ಮ ತಂದೆಯವರ ಪೀಳಿಗೆಯ ರಾಷ್ಟ್ರೀಯವಾದಿಗಳು ಬಹುಶಃ ಹಾಗೆ ಹೇಳುತ್ತಿರಲಿಲ್ಲ.

ಇದೇ ಆಟವು ಮುಂದೆಯೂ ನಡೆಯಿತೆಂಬುದನ್ನು ಮರೆಯಬಾರದು. 1952ರ ಪ್ರಥಮ ಮಹಾಚುನಾವಣೆಯಲ್ಲಿ, ಸಂವಿಧಾನದ ಕರಡನ್ನು ರಚಿಸಿಕೊಟ್ಟ ಅಂಬೇಡ್ಕರರು ಉತ್ತರ ಮುಂಬಯಿಯ ಮೀಸಲು ಸ್ಥಾನದಲ್ಲಿ ಕಾಂಗ್ರೆಸ್ಸಿನ ಕಾಜ್ರೋಳ್ಕರರಿಗೆ ಸುಮಾರು 15 ಸಾವಿರ ಮತಗಳಿಂದ ಸೋತರು. 1937ರಲ್ಲಿ ಫಲಿಸದ ಉಪಾಯವು ಹದಿನೈದು ವರ್ಷಗಳ ಮೇಲೆ ಫಲಿಸಿತು. ಮತದಾರರ ಸಂಖ್ಯೆ ಬೆಳೆದಿತ್ತು, ಮೀಸಲು ಸ್ಥಾನದಲ್ಲಿ ಯಾರು ಕುಳಿತಿರಬೇಕೆಂಬುದನ್ನು ಮೀಸಲಾತಿಯ ಹಕ್ಕುದಾರರಲ್ಲದವರೇ ನಿರ್ಣಯಿಸುವಷ್ಟು ಬೆಳೆದಿತ್ತು.

ಪುಣೆಯ ಒಪ್ಪಂದವು ಪುಣೆಯಲ್ಲಿಯೇ ಉಳಿದ ಕಾಗದವಲ್ಲ. ನಮ್ಮ ಜಿಲ್ಲೆಯ ಮಾಯಕೊಂಡವು ಪರಿಶಿಷ್ಟ ಜಾತಿಗೂ ಜಗಳೂರು ಪರಿಶಿಷ್ಟ ಪಂಗಡಕ್ಕೂ 2008ರ ಚುನಾವಣೆಯಿಂದ ಮೀಸಲಾಗಿರುವ ಕ್ಷೇತ್ರಗಳು. ನಾಲ್ವರನ್ನು ಮೊದಲು ಆರಿಸುವ ಆ ಮೊದಲ ಸುತ್ತು ಇಂದು ಇಲ್ಲ. ಆ ಕೆಲಸವನ್ನು ಪಕ್ಷಗಳ ವರಿಷ್ಠರು ಬೆಂಗಳೂರಿನಲ್ಲಿಯೋ ದಿಲ್ಲಿಯಲ್ಲಿಯೋ ಮಾಡಿ ಮುಗಿಸುತ್ತಾರೆ. ಟಿಕೇಟು ಹಂಚುವ ಕಾಲದಲ್ಲಿ ನಡೆಯುವ ಮಾತುಕತೆಗಳನ್ನು ಹತ್ತಿರದಿಂದ ಕೇಳುವ ದುರದೃಷ್ಟವು ಪತ್ರಿಕೆಯವರಾದ ನಮ್ಮದು. "ಎಲ್ಲರಿಗೂ ಬೇಕಾದವನು", "ಯಾರ ಮನಸ್ಸನ್ನೂ ನೋಯಿಸದವನು", ಇವೇ ಅಲ್ಲಿ ಅರ್ಹತೆಯ ಮಾತುಗಳು. ಸಾಮಾನ್ಯ ಕ್ಷೇತ್ರದ ಅಭ್ಯರ್ಥಿಗೆ ಈ ಪರೀಕ್ಷೆಯನ್ನು ಯಾರೂ ಒಡ್ಡುವುದಿಲ್ಲ. ಅವನು ಹತ್ತು ಮಂದಿಯನ್ನು ನೋಯಿಸಿದರೆ ಅವನಿಗೆ ಧೀರನೆಂಬ ಹೆಸರು. ಶಾಸನಸಭೆಗಳಲ್ಲಿನ ಈ ಮೀಸಲಾತಿಯ ಅವಧಿಯನ್ನು ಸಂವಿಧಾನದ 104ನೆಯ ತಿದ್ದುಪಡಿಯು 2030ರವರೆಗೆ ವಿಸ್ತರಿಸಿದೆ. ಮುಂದಿನ ವಿಸ್ತರಣೆಯ ಚರ್ಚೆಯು ಬಂದಾಗ ಸ್ಥಾನಗಳೆಷ್ಟು, ವರ್ಷಗಳೆಷ್ಟು ಎಂದು ಮಾತ್ರ ಕೇಳದೆ, ಆ ಸ್ಥಾನಗಳಿಗೆ ಮನುಷ್ಯರನ್ನು ಆರಿಸುವವರು ಯಾರೆಂದೂ ಶಾಸನಕರ್ತರು ಕೇಳಿಕೊಳ್ಳುವುದು ಒಳ್ಳೆಯದು.

ಈ ಪ್ರಾಂತವು ಆ ವಾದಕ್ಕೆ ಹೊರಗಿನದೇನೂ ಅಲ್ಲ. ಪುಣೆಯ ಒಪ್ಪಂದದ ಅನಂತರ ಕೈಗೊಂಡ ಹರಿಜನ ಯಾತ್ರೆಯಲ್ಲಿ, 1934ನೆಯ ಮಾರ್ಚ್ ತಿಂಗಳ ಆರಂಭದಲ್ಲಿ, ಗಾಂಧೀಜಿಯವರು ರಾಣಿಬೆನ್ನೂರಿನ ಕಡೆಯಿಂದ ಹೊಳೆ ದಾಟಿ ಹರಿಹರಕ್ಕೂ ದಾವಣಗೆರೆಗೂ ಬಂದರು. ಅಂದು ಹೊಳೆಯ ಆಚೆ ಮುಂಬಯಿ ಆಧಿಪತ್ಯ, ಈಚೆ ಮೈಸೂರು ಸಂಸ್ಥಾನ. ಅವರ ಮಾತನ್ನು ಕೇಳಿದ ಹರಿಹರದಲ್ಲಿಯೇ ನಾಲ್ಕು ವರ್ಷಗಳ ಮೇಲೆ, 1938ರಲ್ಲಿ, ಬಿ. ಕೃಷ್ಣಪ್ಪನವರು ಜನಿಸಿದರು. ಭದ್ರಾವತಿಯಲ್ಲಿ ಕನ್ನಡದ ಅಧ್ಯಾಪಕರಾಗಿದ್ದುಕೊಂಡು, 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿದ ಅವರು ಹಿಡಿದುದು ಬಾಳೂರವರ ದಾರಿಯನ್ನಲ್ಲ, ಪರಳದಲ್ಲಿ ಗೆದ್ದವರ ದಾರಿಯನ್ನು. ನಾವು ಮೇಲೆ ಹೇಳಿದ ಹೊರಗೋಡೆಯ ಗಾಜಿನ ಲೋಟಗಳು ಅನೇಕ ಊರುಗಳಲ್ಲಿ ಮಾಯವಾದುದು ಯಾರ ಹೃದಯಪರಿವರ್ತನೆಯಿಂದಲೋ ನಾವರಿಯೆವು. ಸಮಿತಿಯ ತರುಣರು ನೀಲಿ ಬಾವುಟದೊಡನೆ ಊರಿಗೆ ಬಂದ ಮೇಲೆ ಮಾಯವಾದುವೆಂಬುದನ್ನು ಮಾತ್ರ ಬಲ್ಲೆವು.

ಬಾಳೂರವರು 1955ನೆಯ ಜುಲೈ 4ರಂದು ಮುಂಬಯಿಯಲ್ಲಿ ಕಾಲವಾದರು. ಮರುವರ್ಷ ಅಕ್ಟೋಬರದಲ್ಲಿ ಅಂಬೇಡ್ಕರರು ನಾಗಪುರದಲ್ಲಿ ಬೌದ್ಧರಾದರು, ಡಿಸೆಂಬರಿನಲ್ಲಿ ತೀರಿಹೋದರು.

ಧಾರವಾಡದ ಮಹಾನಗರಸಭೆಯವರಿಗೂ ನಮ್ಮ ಜಿಲ್ಲೆಯ ಕ್ರೀಡಾ ಇಲಾಖೆಯವರಿಗೂ ಒಂದು ಸೂಚನೆ. ವಿನಯ್ ಕುಮಾರರ ಚಿತ್ರವು ಇರುವಲ್ಲಿ, ಇಲ್ಲದಿದ್ದರೆ ಅದನ್ನೂ ಹಾಕಿಸಿ, ಅದರ ಪಕ್ಕದಲ್ಲಿ ಧಾರವಾಡದಲ್ಲಿ ಹುಟ್ಟಿದ ಈ ಎಡಗೈ ಎಸೆತಗಾರರ ಚಿತ್ರವನ್ನು ಹಾಕಿಸಬೇಕು. ಹೈಸ್ಕೂಲ್ ಮೈದಾನದ ಹುಡುಗರು ನೋಡಲಿ. ಚಿತ್ರದ ಕೆಳಗೆ 179 ವಿಕೆಟ್ಟು ಎಂದು ಬರೆಯಿಸುವವರು, 3 ರೂಪಾಯಿ ಸಂಬಳವನ್ನೂ 1937ರ ಆ ಎರಡು ಮತಸಂಖ್ಯೆಗಳನ್ನೂ ಬಿಡದೆ ಬರೆಯಿಸಬೇಕೆಂದು ನಮ್ಮ ಪ್ರಾರ್ಥನೆ.